ಬೆನ್ನಿಗೆ ಬಂದ ಗಾಳಿ

ಕೈರೋ ವಿಮಾನ ನಿಲ್ದಾಣದ ಕಚೇರಿಯಲ್ಲಿ ಕೂತು, ವಿಮಾನಗಳು ಹೊರಡುವ ಮೊದಲೇ ಅವು ಹಾರಬೇಕಾದ ದಾರಿ ಹಾಕುವುದು ನನ್ನ ಕೆಲಸ. ದೆವ್ವ ಭೂತ ನಂಬುವವಳಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದ ಉಸ್ತಾದ್ ರಿಫಾತ್ ಅವರಿಗೆ ಒಂದು ಅಭ್ಯಾಸವಿತ್ತು. ಮಗ ಬಾಸೆಮ್ ಹಾರಿಸುವ ವಿಮಾನಕ್ಕೆ ದಾರಿ ಹಾಕಲು ಕೂತಾಗ ಒಂದು ಲೋಟ ಪುದೀನ ಚಹಾ ಬಗ್ಗಿಸಿಟ್ಟು, ಅವನು ಇಳಿಯುವವರೆಗೂ ಮುಟ್ಟುತ್ತಿರಲಿಲ್ಲ. ಕಳೆದ ಚಳಿಗಾಲ ಅವರು ತೀರಿಕೊಂಡರು. ಆಮೇಲೆ ಆ ಲೋಟವನ್ನು ಅವರ ಮೇಜಿನ ಮೇಲೆ ನಾನೇ ಇಡುತ್ತಿದ್ದೆ.

ಅವತ್ತು ಸಂಜೆಗೆ ಖಮ್ಸೀನ್ ಬಿಸಿಗಾಳಿ ಧೂಳು ಹೊತ್ತು ಬರುವುದಿತ್ತು. ಕಾಸಾಬ್ಲಾಂಕಾದಿಂದ ಹೊರಡಲಿದ್ದ ಬಾಸೆಮ್ ಅದಕ್ಕೆ ಮೊದಲೇ ಇಳಿಯಬೇಕು. ಬೆಳಿಗ್ಗೆಯೇ ಮರುಭೂಮಿಯ ಮೇಲೆ ನೇರ ದಾರಿ ಹಾಕಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನನ್ನ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು. ಕುರ್ಚಿ ತಿರುಗಿಸಿ ಕೂತೆ. ಮತ್ತೆ ಬೆನ್ನಿಗೇ ಬಂತು.

"ದಾರಿ ಉದ್ದ ಆದ್ರೂ ಪರ್ವಾಗಿಲ್ಲ ಮಗಳೇ, ಗಾಳಿ ಬೆನ್ನಿಗಿರ್ಲಿ" ಎಂದು ಉಸ್ತಾದರು ಹೇಳುತ್ತಿದ್ದುದು ನೆನಪಾಯಿತು. ದಾರಿಯನ್ನು ಉತ್ತರಕ್ಕೆ, ಗಾಳಿ ಪೂರ್ವಕ್ಕೆ ರಭಸದಿಂದ ಬೀಸುತ್ತಿದ್ದ ಸಮುದ್ರದ ಮೇಲಕ್ಕೆ ತಿರುಗಿಸಿದೆ.

"ಊರೆಲ್ಲಾ ಸುತ್ತಿಸಿ ಕರ್ಕೊಂಡ್ ಬರ್ತೀಯೇನೇ?" ಎಂದು ಪಕ್ಕದ ಮೇಜಿನ ನಜ್ಲಾ ನಕ್ಕಳು.

ಸುತ್ತಿ ಬಂದರೂ ಬಾಸೆಮ್ ಹೊತ್ತಿಗೆ ಮೊದಲೇ ಇಳಿದ. ಅವನ ಹಿಂದೆಯೇ ಧೂಳು ಬಂದು ನಿಲ್ದಾಣವನ್ನು ಮುಚ್ಚಿಸಿತು. ಅವನು ನೇರ ನಮ್ಮ ಕಚೇರಿಗೆ ಬಂದ.

"ಅಕ್ಕಾ, ಅಪ್ಪ ಇದ್ದಿದ್ರೂ ಹೀಗೇ ಕರ್ಕೊಂಡ್ ಬರ್ತಿದ್ರು" ಎಂದವನು ಅಪ್ಪನ ಮೇಜಿನತ್ತ ನೋಡಿದ. "ಚಹಾ ಯಾರು ಕುಡಿದ್ರು?"

ನಾನು ಮುಟ್ಟಿರಲಿಲ್ಲ. ನಜ್ಲಾಳಿಗೆ ಪುದೀನ ಆಗುವುದಿಲ್ಲ. ಲೋಟದ ತಳದಲ್ಲಿ ಎಲೆಗಳಷ್ಟೇ ಉಳಿದಿದ್ದವು. ಬೆಳಿಗ್ಗೆ ಬಗ್ಗಿಸಿಟ್ಟ ಚಹಾ ಅದು. ಗಾಜು ಇನ್ನೂ ಬಿಸಿಯಾಗಿತ್ತು.