ನೂರಕ್ಕೆ ತೊಂಬತ್ತೇಳು ನಾಚಿಕೆ

ಲಜ್ಜಾಮಾಪಕದ ಹಸಿರು ಅಂಕಿ ತೊಂಬತ್ತೇಳಕ್ಕೆ ಏರಿ ನಿಂತಾಗ ಸಿಯೋಲ್ ನಗರದ ಆ ಸ್ಟುಡಿಯೋದಲ್ಲಿ ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಮುನ್‌ಹ್ಯೋಕ್ ಮಾತ್ರ ಸೊಂಟ ಬಗ್ಗಿಸಿಕೊಂಡು ನಿಂತೇ ಇದ್ದ.

ಐವರ ಗಾಯಕ ತಂಡವೊಂದಕ್ಕೆ ಅವನು ಇಪ್ಪತ್ತಾರು ವರ್ಷಗಳಿಂದ ನಾಯಕ. ಶನಿವಾರದ ಹರಟೆ ಕಾರ್ಯಕ್ರಮಕ್ಕೆ ಇಪ್ಪತ್ತು ವರ್ಷಗಳಿಂದ ನಿರೂಪಕ. ತಂಡದಲ್ಲಿ ಯಾರು ತಪ್ಪು ಮಾಡಿದರೂ ಕ್ಯಾಮೆರಾದ ಮುಂದೆ ಬಗ್ಗಿ ಕ್ಷಮೆ ಕೇಳಬೇಕಾದವನು ನಾಯಕ. ಅದು ಅಲ್ಲಿನ ರೂಢಿ. ಈ ಸಲ ಒಬ್ಬ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದ.

ಹಿಂದೆಲ್ಲ ಇಂಥ ಕ್ಷಮೆಯಾಚನೆ ನಿಜವೋ ನಾಟಕವೋ ಎಂದು ಜನ ವಾರಗಟ್ಟಲೆ ಕಿತ್ತಾಡುತ್ತಿದ್ದರು. ಆ ರಗಳೆಯನ್ನು ತಪ್ಪಿಸಿದವರು ಲಜ್ಜಾಮಾಪಕ ಕಂಡುಹಿಡಿದ ಡಾ. ಓಕ್‌ಜು. ನಾಚಿಕೆಯಾದಾಗ ಕಿವಿಯ ಹಾಲೆಗೆ ರಕ್ತ ನುಗ್ಗುತ್ತದೆ, ಚರ್ಮ ಬೆವರುತ್ತದೆ; ಎಂಥ ನಟನಿಗೂ ಇದನ್ನು ನಟಿಸಲಾಗದು. ಕಿವಿಗೆ ಸಿಕ್ಕಿಸಿದ ಪುಟ್ಟ ಗುಂಡಿಯೊಂದು ಇದನ್ನೆಲ್ಲ ಅಳೆದು, ನೂರಕ್ಕೆ ಇಷ್ಟು ಎಂದು ಪರದೆಯ ಮೇಲೆ ತೋರಿಸುತ್ತದೆ. ಎಪ್ಪತ್ತು ದಾಟಿದರೆ ದೇಶ ಕ್ಷಮಿಸಿಬಿಡುತ್ತದೆ. ಎಷ್ಟು ಅನುಕೂಲ!

ಮೇಕಪ್ ಕೋಣೆಯಲ್ಲಿ ಮುನ್‌ಹ್ಯೋಕ್ ಗುಂಡಿಯನ್ನು ಬಿಚ್ಚಿಕೊಡುತ್ತ ಕೇಳಿದ: "ಡಾಕ್ಟ್ರೇ, ನಿಮ್ಮ ಯಂತ್ರ ಕೆಟ್ಟಿದೆಯಾ? ನಾನು ಆ ಕುಡುಕನ ಬಗ್ಗೆ ಯೋಚಿಸ್ತಾನೇ ಇರ್ಲಿಲ್ಲ."

"ಮತ್ತೆ ಯಾರ ಬಗ್ಗೆ?"

"ಪಕ್ಕದಲ್ಲಿ ಸೊಲ್‌ಚಾನ್ ನಿಂತಿದ್ದ."

ಓಕ್‌ಜು ಗುಂಡಿಯನ್ನು ಒರೆಸಿ ಡಬ್ಬಿಗೆ ಹಾಕಿದರು. "ನಾಚಿಕೆ ಎಷ್ಟಿದೆ ಅಂತ ಮಾತ್ರ ಯಂತ್ರಕ್ಕೆ ಗೊತ್ತಾಗುತ್ತೆ. ಯಾತಕ್ಕೆ ಅಂತ ನಿಮಗೇ ಗೊತ್ತಿರ್ಬೇಕು."

ಗೊತ್ತಿತ್ತು. ಸೊಲ್‌ಚಾನ್ ತಂಡದಲ್ಲಿ ಎಲ್ಲರಿಗಿಂತ ಕಿರಿಯ. ಹಾಡುವಾಗ ಅವನ ದನಿ ಸಲೀಸು, ಮಾತಿಗಿಳಿದರೆ ಉಗ್ಗು. ಮುನ್‌ಹ್ಯೋಕ್ ಟಿವಿಯಲ್ಲಿ ಮೊದಲ ಸಲ ಆ ಉಗ್ಗನ್ನು ಅಣಕಿಸಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುವಾರವೂ ಅದೇ ಬೇಕೆಂದರು. ಆ ಅಣಕದಿಂದಲೇ ಮುನ್‌ಹ್ಯೋಕ್‌ಗೆ ನಿರೂಪಕನ ಕುರ್ಚಿ ಸಿಕ್ಕಿತು. ಸೊಲ್‌ಚಾನ್ ಬರಬರುತ್ತ ಮಾತು ಕಡಿಮೆ ಮಾಡಿದ. ಅವನು ಶುರು ಮಾಡಿದ ಒಂದೆರಡು ಮಾತನ್ನೂ ನಾಯಕನೇ ಮುಗಿಸತೊಡಗಿದ. ಜನ ಅದನ್ನು ಅಣ್ಣನ ಪ್ರೀತಿ ಎಂದು ಕೊಂಡಾಡಿದರು. ಆ ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಮುನ್‌ಹ್ಯೋಕ್ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದ, ಆದರೆ ಕುರ್ಚಿಯಿಂದ ಇಳಿಯಲಿಲ್ಲ.

ಮುಂದಿನ ಶನಿವಾರ ನೇರ ಪ್ರಸಾರದಲ್ಲಿ ಅವನು ತಾನಾಗಿಯೇ ಗುಂಡಿ ಸಿಕ್ಕಿಸಿಕೊಂಡು, ಸೊಲ್‌ಚಾನ್‌ನ ಮುಂದೆ ಬಗ್ಗಿ, ಎಲ್ಲವನ್ನೂ ಹೇಳಿಕೊಂಡ. ಹೇಳುತ್ತ ಹೋದಂತೆ ಎದೆಯ ಭಾರ ಇಳಿಯಿತು. ಜೊತೆಗೆ ಅಂಕಿಯೂ ಇಳಿಯಿತು. ಎಂಬತ್ತು, ಐವತ್ತು, ಕೊನೆಗೆ ಹನ್ನೊಂದು.

"ನಾಟಕ ಆಡ್ತಿದ್ದಾನೆ!" ಎಂದು ಸಭಿಕರು ಕೂಗಿದರು. ಕ್ಯಾಮೆರಾಗಳ ಹಿಂದೆ ಓಕ್‌ಜು ತಲೆ ಹಿಡಿದುಕೊಂಡು ಕುಳಿತರು. ಬಾಯಿಬಿಟ್ಟು ಹೇಳಿಕೊಂಡರೆ ನಾಚಿಕೆ ಕರಗುತ್ತದೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಯಂತ್ರ ಪಾಸು ಮಾಡಿದ್ದು ಏನನ್ನೋ ಬಚ್ಚಿಟ್ಟುಕೊಂಡವರನ್ನು.

ಸೊಲ್‌ಚಾನ್ ಮೈಕು ತೆಗೆದುಕೊಂಡ. ಗದ್ದಲ ನಿಂತಿತು.

"ಅ... ಅಣ್ಣಾ, ನಾ... ನಾನು..."

"ನನ್ನನ್ನ ಕ್ಷಮಿಸಿದ್ದೀನಿ ಅಂತಿದ್ದಾನೆ," ಎಂದು ಮುನ್‌ಹ್ಯೋಕ್ ಇಪ್ಪತ್ತು ವರ್ಷಗಳ ಅಭ್ಯಾಸದಂತೆ ಸಭಿಕರ ಕಡೆಗೆ ತಿರುಗಿ ನಕ್ಕ.

"ನಾ... ನಾನು ಹಾ... ಹಾಗಂದಿಲ್ಲ."

ಮುನ್‌ಹ್ಯೋಕ್‌ನ ನಗು ಅಲ್ಲೇ ನಿಂತಿತು. ಅಂಕಿ ಹನ್ನೊಂದರಿಂದ ಒಂದೇ ನೆಗೆತಕ್ಕೆ ನೂರು ಮುಟ್ಟಿತು. ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ದೇಶ ಕ್ಷಮಿಸಿತು.

ಸೊಲ್‌ಚಾನ್ ಇನ್ನೂ ಮಾತು ಮುಗಿಸಿರಲಿಲ್ಲ.