ಬಲಗಿವಿಗೆ ಬರೆದ ಸುಳ್ಳು

"ಶಬ್ದ ಕೇಳಿಸಿದ್ರೆ ಮಾತ್ರ ಗುಂಡಿ ಒತ್ತಿ ಅಂತ ಹೇಳಿದ್ನಲ್ಲ! ನಾನಿನ್ನೂ ಶಬ್ದಾನೇ ಕೊಟ್ಟಿಲ್ಲ, ನೀವು ಆಗ್ಲೇ ಎಂಟು ಸಲ ಒತ್ತಿದ್ದೀರಿ!"

ಗಾಜಿನ ಕಿಟಕಿಯ ಆಚೆ, ಗೂಡಿನಂಥ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಉದ್ದನೆಯ ಯುವಕ ಬೆಚ್ಚಿ ಅವಳತ್ತ ನೋಡಿದ.

"ಏನೋ ಬಡೀತಾ ಇತ್ತು ಮೇಡಂ..."

"ಅದು ನಿಮ್ಮ ಎದೆ!"

"ಹೌದಾ? ಹಾಗಾದ್ರೆ ಅದನ್ನ ನಿಲ್ಲಿಸೋ ಗುಂಡಿ ಯಾವ್ದು ಮೇಡಂ?"

ಅವಳು ತುಟಿ ಕಚ್ಚಿಕೊಂಡಳು. ನಗಬಾರದು... ಈ ಕೋಣೆಯಲ್ಲಂತೂ ನಗಲೇಬಾರದು!

ಸೇನಾ ಭರ್ತಿ ಕೇಂದ್ರದಲ್ಲಿ ಅವಳ ಕೆಲಸ ಕಿವಿ ಪರೀಕ್ಷೆ. ದಿನಕ್ಕೆ ಮೂವತ್ತು ಹುಡುಗರು, ಅರವತ್ತು ಕಿವಿ. ಸೈನ್ಯಕ್ಕೆ ಸೇರಲು ಬಂದವರೆಲ್ಲ ಅವಳನ್ನು 'ಕಿವಿ ಮೇಡಂ' ಎಂದೇ ಕರೆಯುತ್ತಿದ್ದರು. ಆ ಕೋಣೆಯಲ್ಲಿ ಅವಳು ಮನಸಾರೆ ನಕ್ಕಿದ್ದು ಒಂದೇ ಒಂದು ಸಲ, ಮೂರು ವರ್ಷದ ಹಿಂದೆ. ಅವತ್ತು ಗೂಡಿನೊಳಗೆ ಕೂತಿದ್ದವನು ಅವಳ ಸ್ವಂತ ಅಣ್ಣ. ಅವನು ಒಳಗಿನಿಂದ ಕಣ್ಣು ಹೊಡೆದಿದ್ದ, ಇವಳು ನಗುತ್ತಲೇ ಅವನ ಹಾಳೆಯ ಮೇಲೆ 'ಅರ್ಹ' ಎಂದು ಬರೆದಿದ್ದಳು.

ಹದಿನಾಲ್ಕು ತಿಂಗಳಿಗೆ ಅಣ್ಣನ ಟ್ರಂಕು ಮನೆಗೆ ಬಂತು. ಅಣ್ಣ ಬರಲಿಲ್ಲ.

ಅಂದಿನಿಂದ ಅತ್ತಿಗೆ ದಿನಾ ಬೆಳಗ್ಗೆ ಊಟದ ಡಬ್ಬಿ ಕೈಗೆ ಕೊಡುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಇವತ್ತು ಎಷ್ಟು ಜನರನ್ನ ಪಾಸ್ ಮಾಡ್ತೀಯಾ?"

ಅಷ್ಟೇ. ಬೈಗುಳವಾಗಿದ್ದರೆ ಒರೆಸಿಕೊಂಡು ಹೋಗಬಹುದಿತ್ತು. ಇದು ಡಬ್ಬಿಯ ಜೊತೆ ಆಫೀಸಿಗೇ ಬರುತ್ತಿತ್ತು.

*

ಆ ಉದ್ದನೆಯವನಿಗೆ ನೆಗಡಿ. ಜೊತೆಗೆ ಹೆದರಿಕೆ. ಫಲಿತಾಂಶ ಅಡ್ಡಾದಿಡ್ಡಿ ಬಂತು. ಅಂಥವರು ವಾರ ಬಿಟ್ಟು ಮತ್ತೆ ಬರಬೇಕು. ಮೂರನೇ ಸಲದ ಫಲಿತಾಂಶವೇ ಕೊನೆ. ಅದು ಅಲ್ಲಿನ ನಿಯಮ.

ಮೊದಲನೇ ದಿನವೇ ಸಂಜೆ ಬಸ್ ಸ್ಟಾಪಿನಲ್ಲಿ ಅವನು ಅವಳ ಪಕ್ಕ ಬಂದು ಕೂತ. ಎರಡನೇ ವಾರದ ಹೊತ್ತಿಗೆ ಅವಳು ಅವನನ್ನು 'ಲಂಬು' ಎನ್ನುತ್ತಿದ್ದಳು, ಅವನು ಅವಳನ್ನು 'ಕಿವಿ' ಎನ್ನುತ್ತಿದ್ದ. ಪ್ರೀತಿ ಎಂಬ ಪದವನ್ನು ಇಬ್ಬರೂ ಬಾಯಿಗೆ ತಂದಿರಲಿಲ್ಲ. ತರುವ ಅಗತ್ಯವೂ ಇರಲಿಲ್ಲ ಬಿಡಿ, ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು!

ಅವನ ಕಥೆ ಇಷ್ಟು. ಅಪ್ಪ ದರ್ಜಿ. ಜೀವನವಿಡೀ ಯಾರ‍್ಯಾರದೋ ಮಿಲಿಟರಿ ಯೂನಿಫಾರ್ಮ್ ಹೊಲಿದು ಬೆನ್ನು ಬಾಗಿಸಿಕೊಂಡಿದ್ದ. 'ಒಂದನ್ನಾದ್ರೂ ನನ್ನ ಮಗ ಹಾಕ್ಕೋಬೇಕು' ಅನ್ನುವುದು ಅವನ ಹಟ. ಮಗನ ಕೈಯಲ್ಲಿ ಎರಡು ದಾರಿ: ಒಂದು ಸೈನ್ಯ, ಇನ್ನೊಂದು ರೈಲಿನ ಗಾರ್ಡ್ ಕೆಲಸ. ಇಪ್ಪತ್ತನೇ ತಾರೀಕಿನೊಳಗೆ ಒಂದನ್ನು ಹೇಳಬೇಕು.

"ನೀವೇ ಹೇಳಿ ಕಿವಿ. ಯಾವ್ದು?"

"ನಾನ್ಯಾರು ಹೇಳೋಕೆ?"

"ಯಾರೂ ಅಲ್ಲ ಅಂದ್ರೆ ಎರಡು ಬಸ್ ಬಿಟ್ಟು ಇಲ್ಲಿ ಯಾಕೆ ಕೂತಿದ್ದೀರಿ?"

ಅವಳ ಮುಖ ಕೆಂಪಾಯಿತು. ಹೋಗಬೇಡ ಲಂಬು... ಸೈನ್ಯಕ್ಕೆ ಮಾತ್ರ ಹೋಗಬೇಡ... ಮನಸ್ಸು ಚೀರುತ್ತಿತ್ತು. ನಾಲಿಗೆ ಏಳಲಿಲ್ಲ. ಹೇಳಿದರೆ ಅವನ ಅಪ್ಪನ ಆಸೆಗೆ ಅಡ್ಡ ಬಂದವಳಾಗುತ್ತೇನೆ ಎಂಬ ಅಳುಕು.

ಬಾಯಿದ್ದೂ ಮೂಗಿಯಾದಳು, ದಡ್ಡಿ! ಆ ಒಂದು ಮಾತು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

*

ಮೂರನೇ ಸಲ ಅವನು ಸರಿಯಾಗಿ ಒತ್ತಿದ. ನೆಗಡಿ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಇರುವೆ ಹರಿದಾಡಿದರೂ ಕೇಳಿಸುವಂಥ ಕಿವಿಗಳು! ಅಂಕಿ ಹೆಚ್ಚಾದಷ್ಟೂ ಕಿವಿ ಮಂದ ಎಂದು ಲೆಕ್ಕ. ಅವನ ಎರಡೂ ಕಿವಿಗೆ ಹತ್ತು.

ಅವಳು ಎಡಗಿವಿಯ ಸಾಲಿನಲ್ಲಿ ಹತ್ತು ಎಂದು ಬರೆದಳು. ಬಲಗಿವಿಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

ಇವತ್ತು ಎಷ್ಟು ಜನರನ್ನ ಪಾಸ್ ಮಾಡ್ತೀಯಾ?

ಅರವತ್ತು ಎಂದು ಬರೆದಳು. ಕೆಳಗೆ 'ಅನರ್ಹ'. ಸೈನ್ಯ ಬೇಡ ಎನ್ನುತ್ತದೆ, ಅವನು ರೈಲಿಗೆ ಹೋಗುತ್ತಾನೆ, ಬದುಕಿರುತ್ತಾನೆ. ಇಷ್ಟೇ ಅವಳ ಲೆಕ್ಕಾಚಾರ.

ಅವನು ಗೂಡಿನಿಂದ ನಗುತ್ತಾ ಹೊರಬಂದ. "ನಿಮಗೊಂದು ಮಾತು ಹೇಳ್ಬೇಕಿತ್ತು..."

"ಮೊದ್ಲು ಇದನ್ನ ನೋಡಿ."

ಅವನು ಹಾಳೆ ನೋಡಿದ. ಬಹಳ ಹೊತ್ತು ನೋಡಿದ. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು.

"ಬಲಗಿವೀನಾ? ನನಗೆ ಗೊತ್ತೇ ಆಗಿರ್ಲಿಲ್ವಲ್ಲ..."

"ತುಂಬಾ ಜನಕ್ಕೆ ಗೊತ್ತಾಗಲ್ಲ," ಎಂದಳು ಅವಳು, ಅವನ ಕಣ್ಣು ತಪ್ಪಿಸಿ.

*

ಹತ್ತೇ ದಿನಕ್ಕೆ ರೈಲ್ವೆಯಿಂದಲೂ ಕಾಗದ ಬಂತು. ಸೇನಾ ಕೇಂದ್ರದಲ್ಲಿ ಈಚೆಗೆ ತಪಾಸಣೆ ಆದವರನ್ನು ಅವರು ಮತ್ತೆ ಪರೀಕ್ಷಿಸುವುದಿಲ್ಲ; ಅದೇ ವರದಿಯ ಪ್ರತಿ ತರಿಸಿಕೊಳ್ಳುತ್ತಾರೆ. ಒಂದು ಕಿವಿ ಮಂದವಾದವನು ಗಾರ್ಡ್ ಆಗುವಂತಿಲ್ಲ.

ಆರು ವರ್ಷ ಅದೇ ಕೋಣೆಯಲ್ಲಿ ಕೂತವಳಿಗೆ ತನ್ನ ಹಾಳೆ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದೇ ಗೊತ್ತಿರಲಿಲ್ಲ!

ಅವತ್ತೇ ಹೇಳಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂದಾಗ ಇನ್ನೊಂದು ನಾಳೆ. ಅಷ್ಟರಲ್ಲಿ ಅವನು ಡಬ್ಬಿಯ ಮುಚ್ಚಳ ಒತ್ತುವ ಕಾರ್ಖಾನೆ ಸೇರಿಕೊಂಡ.

"ಅಲ್ಲಿ ಕಿವಿ ವಿಷಯ ಕೇಳಲೇ ಇಲ್ಲ ಕಣೇ," ಎಂದು ನಕ್ಕ. ಈಗ 'ನೀವು' ಹೋಗಿ 'ನೀನು' ಬಂದಿತ್ತು. "ಮೇಸ್ತ್ರಿ ಹೇಳಿದ, ಕಿವಿ ಯಾರಿಗೆ ಬೇಕೋ, ಎರಡು ಕೈ ಇದೆಯಲ್ಲ, ಸಾಕು ಅಂತ."

ಅವನಪ್ಪ ಮೂರು ದಿನ ಮಗನ ಜೊತೆ ಮಾತು ಬಿಟ್ಟಿದ್ದ. ನಾಲ್ಕನೇ ದಿನ ಮಾತಾಡಿದ... ಕಿವುಡರ ಜೊತೆ ಮಾತಾಡುವ ಹಾಗೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಅದಕ್ಕಿಂತ ಅವಳನ್ನು ಕೊಲ್ಲುತ್ತಿದ್ದುದು ಇನ್ನೊಂದು. ನಡೆಯುವಾಗ ಅವನು ಯಾವಾಗಲೂ ಅವಳನ್ನು ತನ್ನ ಎಡಕ್ಕೆ ಕರೆದುಕೊಳ್ಳುತ್ತಿದ್ದ. ಅವಳು ಮಾತಾಡಿದರೆ ಕತ್ತು ವಾಲಿಸಿ ಎಡಗಿವಿ ಒಡ್ಡುತ್ತಿದ್ದ. ಆ ಕಡೆ ಇರುವೆಯ ಸದ್ದೂ ಕೇಳಬಲ್ಲ ಕಿವಿಯೊಂದು ಸುಮ್ಮನೆ ಬೀದಿಗೆ ಮುಖ ಮಾಡಿಕೊಂಡಿರುತ್ತಿತ್ತು.

"ಮದ್ವೆ ಆಗೋಣ ಕಣೇ."

"ಇನ್ನು ಸ್ವಲ್ಪ ದಿನ..."

"ಯಾಕೆ? ಕಿವುಡ ಅಂತಾನಾ?"

"ಛೇ, ಅಲ್ಲ ಕಣೋ!"

"ಮತ್ತೇನು?"

ಅವಳು ಉತ್ತರಿಸಲಿಲ್ಲ. ಅವನು ತನಗೆ ತೋಚಿದ ಉತ್ತರವನ್ನೇ ನಂಬಿದ. ಅವತ್ತಿನಿಂದ ಅವನ ನಗು ಕಡಿಮೆಯಾಯಿತು.

*

ನಾಲ್ಕನೇ ತಿಂಗಳು, ಒಂದು ಮಂಗಳವಾರ ಮಧ್ಯಾಹ್ನ, ಅವಳಿಗೆ ಕಾರ್ಖಾನೆಯಿಂದ ಫೋನ್ ಬಂತು.

ಅವಳನ್ನು ಒಳಗೆ ಬಿಟ್ಟಿದ್ದು ಮರುದಿನ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನ ಬಲಗೈ ಬಿಳಿ ಬಟ್ಟೆಯ ಗಂಟಾಗಿತ್ತು. ಮೂರು ಬೆರಳು ಹೋಗಿದ್ದವು.

"ಅಲ್ಲಿ ಒಂದು ಪ್ರೆಸ್ಸಿಗೆ ಇಬ್ರು," ಎಂದು ಅವನು ವಿವರಿಸಿದ, ಬೇರೆ ಯಾರದೋ ಕಥೆ ಹೇಳುವವನ ಹಾಗೆ. "ನಾನು ತಗಡು ಇಡ್ತೀನಿ, ಜೊತೆಯವನು ಶಿಳ್ಳೆ ಹಾಕಿ ಪೆಡಲ್ ತುಳೀತಾನೆ. ಶಿಳ್ಳೆ ಕೇಳಿದ ತಕ್ಷಣ ಕೈ ಹಿಂದಕ್ಕೆ. ದಿನಾ ಅವನು ನಿಲ್ಲೋದು ನನ್ನ ಎಡಕ್ಕೆ, ನಿನ್ನೆ ಬಲಕ್ಕೆ ನಿಂತ. ಶಿಳ್ಳೆ ಕೇಳಿಸ್ತು ಕಣೇ, ಬಲಗಡೆಯಿಂದಾನೇ, ಚೆನ್ನಾಗಿ ಕೇಳಿಸ್ತು. ಆದ್ರೆ ನನಗೆ ಬಲಗಿವಿ ಇಲ್ವಲ್ಲ! ಎಡಗಡೆ ಮೆಷಿನ್ನಿನ ಶಿಳ್ಳೆ ಇರ್ಬೇಕು ಅಂದ್ಕೊಂಡೆ. ಕೈ ತೆಗೀಲಿಲ್ಲ."

ಅವಳು ಮಂಚದ ಕಂಬಿ ಹಿಡಿದುಕೊಂಡಳು.

"ಅಳ್ಬೇಡ, ಕೇಳು! ಇಲ್ಲಿ ಡಾಕ್ಟ್ರು ಕಿವೀನೂ ನೋಡಿದ್ರು. ಎರಡೂ ಕಿವಿಗೆ ಹತ್ತೇ ಹತ್ತು! ನನ್ನ ಕಿವಿಗೆ ಏನೂ ಆಗಿಲ್ವಂತೆ! ನಿಮ್ಮ ಹಾಳು ಮೆಷಿನ್ನೇ ಕೆಟ್ಟಿರ್ಬೇಕು ಅಂದ್ರು..." ಅವನ ಕಣ್ಣಿನಲ್ಲಿ ಎಷ್ಟೋ ದಿನದ ಮೇಲೆ ಬೆಳಕಿತ್ತು. "ನಾನು ಕಿವುಡ ಅಲ್ಲ ಕಣೇ! ಈಗ ಹೇಳು... ಬೆರಳಿಲ್ದೋನನ್ನ ಮದ್ವೆ ಆಗ್ತೀಯಾ?"

ಮೆಷಿನ್ ಕೆಟ್ಟಿತ್ತು. ಎಂಥ ಸುಲಭದ ಬಾಗಿಲು! ಅವನೇ ತೆಗೆದು ಹಿಡಿದುಕೊಂಡು ನಿಂತಿದ್ದಾನೆ. ಹೂಂ ಅಂದರೆ ಸಾಕು. ಅವನು ಸಿಗುತ್ತಾನೆ, ಕೆಲಸ ಉಳಿಯುತ್ತದೆ, ಜೀವಮಾನವಿಡೀ ಯಾರಿಗೂ ತಿಳಿಯುವುದಿಲ್ಲ...

"ಮೆಷಿನ್ ಸರಿಯಾಗೇ ಇತ್ತು," ಎಂದಳು.

"ಅಂದ್ರೆ?"

"ಹತ್ತು ಅಂತಾನೇ ತೋರಿಸ್ತು. ನಾನು ಅರವತ್ತು ಅಂತ ಬರೆದೆ. ಬೇಕು ಅಂತಾನೇ ಬರೆದೆ. ನೀನು ಸೈನ್ಯಕ್ಕೆ ಹೋಗ್ಬಾರ್ದು ಅಂತ... ಅಣ್ಣನ ಹಾಗೆ ನೀನೂ..."

ಪಕ್ಕದ ಹಾಸಿಗೆಯವನ ಕೆಮ್ಮು ಕೇಳಿಸಿತು. ದೂರದಲ್ಲಿ ನರ್ಸಿನ ತಳ್ಳುಗಾಡಿ. ಲಂಬು ತನ್ನ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತಿದ್ದ.

"ಅವತ್ತು ನಿನಗೊಂದು ಮಾತು ಹೇಳ್ಬೇಕು ಅಂದಿದ್ದೆ. ನೆನಪಿದೆಯಾ?"

"ಹೂಂ."

"ಸೈನ್ಯ ಬೇಡ ಅಂತ ತೀರ್ಮಾನ ಮಾಡಿದ್ದೆ. ಅಪ್ಪನಿಗೆ ಹಿಂದಿನ ದಿನಾನೇ ಹೇಳಿ ಜಗಳ ಆಡ್ಕೊಂಡು ಬಂದಿದ್ದೆ. ರೈಲಿಗೆ ಸೇರ್ತೀನಿ, ನಿನ್ನ ಮದ್ವೆ ಆಗ್ತೀನಿ... ಅದೇ ಆ ಮಾತು. ಪರೀಕ್ಷೆಗೆ ಕೂತಿದ್ದು ನಿನ್ನ ಮುಖ ಇನ್ನೊಂದು ಸಲ ಗಾಜಿನಿಂದ ನೋಡೋಣ ಅಂತ."

ಅವಳು ಅವನ ಎಡಗೈ ಹಿಡಿಯಹೋದಳು, ಅವನು ಎಳೆದುಕೊಂಡ.

"ನಾನೇ ಬೇಡ ಅಂದಿದ್ದೆ. ನೀನು ಕೇಳಿದ್ರೆ ಸಾಕಿತ್ತು."

"ಲಂಬು..."

"ಹೋಗು. ಈ ಕೈಯಲ್ಲಿ ಹೊಡೆಯೋಕೂ ಆಗಲ್ಲ ನನಗೆ. ಹೋಗು."

*

ಮನೆಯಲ್ಲಿ ಅತ್ತಿಗೆ ತರಕಾರಿ ಹೆಚ್ಚುತ್ತಿದ್ದಳು. ಅವಳು ಬಾಗಿಲಲ್ಲೇ ಕುಸಿದು ಎಲ್ಲವನ್ನೂ ಹೇಳಿದಳು. ಅತ್ತಿಗೆಯ ಚಾಕು ನಿಂತಿತು.

"ನನ್ನ ಮಾತಿಗೆ ಹೆದರಿ ಮಾಡಿದ್ಯಾ?"

"ಗೊತ್ತಿಲ್ಲ ಅತ್ತಿಗೆ. ನಿಮ್ಮ ಮಾತು ಕಿವೀಲಿತ್ತು."

ಅತ್ತಿಗೆ ಚಾಕು ಕೆಳಗಿಟ್ಟಳು. ಆಮೇಲೆ ಹೇಳಿದಳು: "ನಿಮ್ಮಣ್ಣನಿಗೆ ಹೋಗೋ ಮನಸ್ಸಿರ್ಲಿಲ್ಲ ಕಣೇ. ನಾನೇ ಹಟ ಹಿಡಿದು ಕಳಿಸಿದ್ದು. ಕ್ವಾರ್ಟರ್ಸ್ ಸಿಗುತ್ತೆ, ನಾವಿಬ್ರೇ ಇರ್ಬಹುದು ಅಂತ. ಅದನ್ನ ನುಂಗೋಕಾಗ್ದೆ ಎರಡು ವರ್ಷ ನಿನ್ನ ತಲೆ ಮೇಲೆ ಹಾಕ್ತಿದ್ದೆ."

ನಾದಿನಿ ತಲೆ ಎತ್ತಿ ನೋಡಿದಳು. ಬೈಯಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಬೈಯುವುದು? ತಾನೂ ಅದನ್ನೇ ತಾನೇ ಮಾಡಿದ್ದು, ಇನ್ನೊಬ್ಬರ ಬದುಕನ್ನು ತನಗೆ ಬೇಕಾದ ಹಾಗೆ ಬರೆದದ್ದು.

ಮರುದಿನ ಅವಳು ಮುಖ್ಯ ವೈದ್ಯಾಧಿಕಾರಿಗೆ ಎರಡು ಪುಟದ ಪತ್ರ ಬರೆದು ಕೈಯಾರೆ ಕೊಟ್ಟಳು. ಅವರು ಓದಿ, ಕನ್ನಡಕ ತೆಗೆದು, "ಇನ್ನೆಲ್ಲೂ ನಿಮಗೆ ಈ ಕೆಲಸ ಸಿಗಲ್ಲ ಅಂತ ಗೊತ್ತು ತಾನೇ?" ಎಂದು ಕೇಳಿದರು. ಗೊತ್ತು ಎಂದಳು. ಸಂಜೆಯೊಳಗೆ ಕೋಣೆಯ ಬೀಗದ ಕೈ ಒಪ್ಪಿಸಿ ಬಂದಳು. ಮುಂದಿನ ತಿಂಗಳು ಬಟ್ಟೆ ಒಗೆಯುವ ಅಂಗಡಿಯೊಂದರಲ್ಲಿ ಇಸ್ತ್ರಿಗೆ ನಿಂತಳು. ಆ ಕೆಲಸದಲ್ಲಿ ಸುಟ್ಟರೆ ಬಟ್ಟೆ ಮಾತ್ರ ಸುಡುತ್ತಿತ್ತು, ಅದೊಂದು ನೆಮ್ಮದಿ.

ಅವಳ ಪತ್ರದಿಂದಾಗಿ ಸೇನಾ ಕೇಂದ್ರದವರೂ ರೈಲ್ವೆಯವರೂ ಅವನನ್ನು ಮತ್ತೆ ಕರೆದರಂತೆ. ಎರಡೂ ಕಡೆ ಕಿವಿ ಪಾಸು, ಕೈ ಫೇಲು! ಕೊನೆಗೆ ರೈಲ್ವೆ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಒಂದು ಕುರ್ಚಿ ಸಿಕ್ಕಿತು. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾನೆ ಎಂದು ಯಾರೋ ಹೇಳಿದರು. ಅವಳು ಅವತ್ತು ಒಂದು ಅಂಗಿಯ ಕಾಲರನ್ನು ಮೂರು ಸಲ ಇಸ್ತ್ರಿ ಮಾಡಿದಳು.

*

ಅವನು 'ಹೋಗು' ಅಂದು ಹನ್ನೊಂದು ವಾರವಾಗಿತ್ತು. ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಅತ್ತಿಗೆ ತೆಗೆದಳು, ನೋಡಿದಳು, ಏನೂ ಹೇಳದೆ ಒಳಕೋಣೆಗೆ ಹೋಗಿ ಕದ ಮುಚ್ಚಿಕೊಂಡಳು.

ಬಾಗಿಲಲ್ಲಿ ಅವನು. ಬಲಗೈ ಜೇಬಿನಲ್ಲಿತ್ತು.

"ಯಾಕೆ ಬಂದೆ ಅಂತ ಕೇಳಲ್ವಾ?"

"ಕೇಳೋ ಹಕ್ಕು ನನಗಿಲ್ಲ..."

"ನೋಡು! ಅದನ್ನೂ ನೀನೇ ತೀರ್ಮಾನ ಮಾಡ್ಬಿಟ್ಟೆ!"

ಅವಳು ಬಾಯಿ ಮುಚ್ಚಿದಳು. ಅವನು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ದ್ವೇಷ ಮಾಡಿ ನೋಡಿದೆ. ಚೆನ್ನಾಗೇ ಬರುತ್ತೆ ನನಗೆ. ಬೆಳಗ್ಗೆ ಅಂಗಿ ಹಾಕ್ಕೊಳ್ಳೋವಾಗ ದಿನಾ ಬರುತ್ತೆ. ಆದ್ರೆ ಸಂಜೆ ಆದ್ರೆ ಇವತ್ತು ಆಫೀಸಲ್ಲಿ ಏನಾಯ್ತು ಅಂತ ನಿನಗೇ ಹೇಳ್ಬೇಕು ಅನ್ಸುತ್ತೆ... ಯಾಕೆ ಅಂತ ಕೇಳ್ಬೇಡ."

ಅವಳು ಅವನೆದುರು ನೆಲದ ಮೇಲೆ ಕೂತಳು.

"ನಿನ್ನ ಕ್ಷಮಿಸಿಲ್ಲ. ಮದ್ವೆ ಆದ್ರೂ ಕ್ಷಮಿಸಿರಲ್ಲ. ಬೆಳಗ್ಗೆ ಬೆಳಗ್ಗೆ ಬೈತೀನಿ. ಕೆಲವು ದಿನ ಮಾತೇ ಆಡಲ್ಲ. ಎಷ್ಟು ವರ್ಷವೋ ಗೊತ್ತಿಲ್ಲ. ತಡ್ಕೋತೀಯಾ?"

"ತಡ್ಕೋತೀನಿ!"

"ಅವಸರ ಬೇಡ. ಯೋಚ್ನೆ ಮಾಡಿ ಹೇಳು. ನಿನ್ನ ಬದ್ಲು ನಾನು ತೀರ್ಮಾನ ಮಾಡಲ್ಲ."

ಮಾತು ಬಾಣದ ಹಾಗೆ ನಾಟಿತು. ಅದಕ್ಕೇ ಆಡಿದ್ದು ಅವನು. ಅವಳು ಕಣ್ಣೊರೆಸಿಕೊಂಡು, ಎದ್ದು, ಏನು ಮಾಡಲೂ ತೋಚದೆ ಒಲೆಯ ಮೇಲೆ ಚಹಾಕ್ಕಿಟ್ಟಳು. ಕುದಿಯಿತು. ಸೋಸಿದಳು. ಅವನಿಗೆ ಮೂರು ಚಮಚ ಸಕ್ಕರೆ ಬೇಕೆಂದು ಅವಳಿಗೆ ಗೊತ್ತಿತ್ತು. ಮೊದಲ ಚಮಚ ಲೋಟದ ಮೇಲೆ ಬಂದಾಗ ಕೈ ತಡೆಯಿತು. ತಿರುಗಿ ನೋಡಿದಳು.

"ಸಕ್ಕರೆ... ಎಷ್ಟು ಹಾಕ್ಲಿ?"

ಅವನು ತಲೆ ಎತ್ತಿ ಅವಳನ್ನೇ ನೋಡಿದ.

"ಒಂದು."

"ಮೂರು ಹಾಕ್ಕೋತಿದ್ಯಲ್ಲ?"

"ಆಸ್ಪತ್ರೇಲಿ ಅಭ್ಯಾಸ ತಪ್ಪಿಹೋಯ್ತು. ಈಗ ಒಂದೇ," ಎಂದ ಅವನು, ಲೋಟಕ್ಕಾಗಿ ಎಡಗೈ ಚಾಚುತ್ತಾ. "ಕೇಳಿದ್ಯಲ್ಲ... ಒಳ್ಳೇದಾಯ್ತು ಕಣೇ."