ಹೊಂಡದ ನೀರಲ್ಲಿ ಬರೆದ ಮುಖ

"ಬಣ್ಣ ಕಲಸಕ್ಕೆ ಮನೆಯಿಂದ ತಂದಿರೋ ನೀರೇ ಬಳಸ್ರಿ," ಎಂದರು ನಾಗರಾಜಪ್ಪ ಮೇಷ್ಟ್ರು. "ಹೊಂಡದ ನೀರು ಮುಟ್ಟಬ್ಯಾಡ್ರಿ. ಅದ್ರಾಗೆ ಯಾರ ಮುಖಾನೂ ಬರೀಬ್ಯಾಡ್ರಿ."

ಶಬನಾಗೆ ನಗು ಬಂತು. ಅವಳು ಮೇಷ್ಟ್ರ ಜಲವರ್ಣದ ಬಳಗ ಸೇರಿ ತಿಂಗಳೂ ಆಗಿರಲಿಲ್ಲ. ಚಿತ್ರದುರ್ಗದಲ್ಲಿ ರವಿಕೆಗಳಿಗೆ ಕಸೂತಿ ಹಾಕಿ ಪಳಗಿದ ಕೈ ಅವಳದು, ಬಣ್ಣ ಹೊಸದು. ಆ ಭಾನುವಾರ ಬಳಗದವರೆಲ್ಲ ಟೆಂಪೋ ಮಾಡಿಕೊಂಡು ಮತ್ತೋಡಿನಾಚೆಯ ಬಂಗಲೆ ತೋಟಕ್ಕೆ ಚಿತ್ರ ಬರೆಯಲು ಬಂದಿದ್ದರು. ಹಿಂದೆ ಯಾವುದೋ ದೊಡ್ಡ ಮನೆತನದ ತೋಟ, ಈಗ ಊರವರು ಬಂದು ಕೂರುವ ಪಾರ್ಕು. ಅದರ ನಡುವೆ ಕಲ್ಲು ಮೆಟ್ಟಿಲಿನ ಹಳೆಯ ಹೊಂಡ.

"ಯಾಕ್ರಿ ಮೇಷ್ಟ್ರೇ, ಹೊಂಡದಾಗೆ ಮೊಸಳೆ ಐತಾ?"

ಮೇಷ್ಟ್ರು ನಗಲಿಲ್ಲ. "ಈ ಬಂಗಲೆ ಯಜಮಾನಿ ಮಗಳು ಸತ್ತೋದ್ಲು. ವಾಪಸ್ ತರ್ತೀನಿ ಅಂತ ಒಬ್ಬ ಮಾಟಗಾರ ಬಂದ. ಮರದ ಗೊಂಬೆಗೆ ಮಂತ್ರ ಹಾಕಿ ಹೊಂಡಕ್ಕೆ ಇಳಿಸ್ದ. ಆ ನೀರಲ್ಲೇ ಕಾಗದದ ಮ್ಯಾಲೆ ಮುಖ ಬರೀಬೇಕು, ಗೊಂಬೆ ಅಮ್ಮಾ ಅಂತ ಕರೀಬೇಕು, ತಾಯಿ ಓ ಅನ್ನಬೇಕು. ಆಗ ಎದ್ದು ಬರ್ತಿತ್ತಂತೆ. ಮುಖ ಬರೆಯೋಕೆ ಮುಂಚೆ ಅವನೇ ಹೆದರಿ ಓಡೋದ. ಗೊಂಬೆ ಇನ್ನೂ ತಳದಾಗೈತೆ, ಮುಖ ಇಲ್ದೆ."

"ಪಾಪ. ನಾನೇ ಇಳಿದು ಲಿಪ್‌ಸ್ಟಿಕ್ ಹಚ್ಚಿ ಬರ್ತೀನಿ ಬಿಡ್ರಿ," ಎಂದಳು ಶಬನಾ. ಪಕ್ಕದಲ್ಲಿದ್ದ ಕಾವ್ಯ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು.

ಶಬನಾ ತನ್ನ ಮಗಳು ಮಹೇಕ್‌ಳನ್ನು ಕರೆದುಕೊಂಡು ಹೊಂಡದ ಮೆಟ್ಟಿಲ ಮೇಲೆಯೇ ಜಾಗ ಹಿಡಿದಳು. ಎರಡನೇ ತರಗತಿಯ ಆ ಹುಡುಗಿ ದಾರಿಯುದ್ದಕ್ಕೂ ಬಾಯಿ ಮುಚ್ಚಿರಲಿಲ್ಲ. ಇಲ್ಲಿಯೂ ಅಷ್ಟೇ. ಅಮ್ಮೀ, ಕಪ್ಪೆಗೆ ಕಿವಿ ಎಲ್ಲೈತೆ? ಅಮ್ಮೀ, ಈ ಮೆಟ್ಟಿಲು ಎಲ್ಲೀತನಕ ಹೋಗ್ತವೆ? ಮಾತಾಡಿ ಮಾತಾಡಿ ಬಾಯಾರಿ, ಬಾಟಲಿಯ ನೀರನ್ನೆಲ್ಲ ಕುಡಿದು ಮುಗಿಸಿದಳು.

"ಇನ್ನು ನಾನು ಬರೆಯೋದು ಹೆಂಗೆ?" ಎಂದಳು ಶಬನಾ. ಕಾವ್ಯಳನ್ನು ಕೇಳಬಹುದಿತ್ತು. ಆದರೆ ಅಷ್ಟು ನಕ್ಕ ಮೇಲೆ ನೀರಿಗಾಗಿ ಕೈಚಾಚಲು ಮನಸ್ಸು ಒಪ್ಪಲಿಲ್ಲ. ಬಗ್ಗಿ ಡಬ್ಬಿಯನ್ನು ಹೊಂಡದಲ್ಲಿ ಅದ್ದಿದಳು.

ನೀರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಕೊಳೆತ ಹೂವಿನ ವಾಸನೆ, ಅದರಡಿಯಲ್ಲಿ ನೆನೆದ ಮರದ ವಾಸನೆ. ಮೇಲೆ ಆಲದ ಕೊಂಬೆಗಳು ಎಷ್ಟು ದಟ್ಟವಾಗಿದ್ದವೆಂದರೆ ನಡುಹಗಲಲ್ಲೇ ಅಲ್ಲಿ ಮಬ್ಬು.

"ಮೆಟ್ಟಿಲ ಮೇಲೆ ಕುಂತ್ಕ. ನಿನ್ನನ್ನೇ ಬರೀತೀನಿ. ನಾನು ಹೇಳೋವರೆಗೂ ಒಂದು ಮಾತೂ ಆಡಬ್ಯಾಡ."

"ಆಮೇಲೆ ಆಡಬೌದಾ?"

"ಹೇಳಿದ ಮೇಲೆ."

ತಿಳಿ ಬಣ್ಣ ಮೊದಲು, ಗಾಢ ಬಣ್ಣ ಕೊನೆಗೆ ಎಂದು ಮೇಷ್ಟ್ರು ಕಲಿಸಿದ್ದರು. ತಪ್ಪಾದರೆ ಶುದ್ಧ ನೀರು ಹಾಕಿ ಸ್ಪಂಜಿನಲ್ಲಿ ಎತ್ತಬಹುದು. ಕಡುಗೆಂಪು ಮಾತ್ರ ಕಾಗದ ಕಚ್ಚಿದರೆ ಬಿಡದು ಎಂದೂ ಹೇಳಿದ್ದರು. ಆದರೆ ಕಸೂತಿಯಲ್ಲಿ ಶಬನಾ ಯಾವಾಗಲೂ ಎದ್ದು ಕಾಣುವ ಹೂವನ್ನೇ ಮೊದಲು ಹಾಕುತ್ತಿದ್ದಳು. ಮಗಳ ಮುಖದಲ್ಲಿ ಎದ್ದು ಕಾಣುವುದು ಬಾಯಿ. ಕುಂಚ ಕೆಂಪಿಗೆ ಹೋಯಿತು.

ತುಟಿಗಳು ತಾವಾಗಿ ಮೂಡಿದವು. ಅವಳ ಕೈ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಮಹೇಕ್ ಸುಮ್ಮನೆ ಕೂತಿದ್ದಳು. ಒಳ್ಳೆಯ ಹುಡುಗಿ ಎಂದುಕೊಂಡಳು ಶಬನಾ. ನಂತರ ಕೆನ್ನೆಗೆ ತಿಳಿಕಂದು ಹರಿಸಿದಳು. ಆಮೇಲೆ ಕಣ್ಣು. ಎಡಗಣ್ಣು ಮುಗಿಯಿತು. ಬಲಗಣ್ಣಿಗೆ ಕುಂಚ ತಾಗಿಸಿದಳು.

ಹಕ್ಕಿಗಳ ಸದ್ದು ನಿಂತಿತು.

ತಲೆಯೆತ್ತಿದಳು. ಮಹೇಕ್ ಎರಡೂ ಕೈ ಮುಂದೆ ಚಾಚಿ ಗಾಳಿಯನ್ನು ತಡಕುತ್ತಿದ್ದಳು. ಕಣ್ಣು ತೆರೆದೇ ಇದ್ದವು. ಒಳಗೆ ಬಿಳುಪು. ಬರೀ ಬಿಳುಪು. ಕೆನ್ನೆಯಲ್ಲಿ ರಕ್ತವಿಲ್ಲ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ದನಿಯಿಲ್ಲ. ಒಂದು ಮೆಟ್ಟಿಲು ಕೆಳಗಿಳಿದಳು. ಇನ್ನೊಂದು.

ಕೆಳಗೆ ನೀರು ಸರಿಯಿತು. ತಳದಿಂದ ಏನೋ ಮೇಲೇರುತ್ತಿತ್ತು. ಕಪ್ಪು ಮರದ ತಲೆ. ಅದಕ್ಕೆ ಕೆಂಪು ತುಟಿ ಇತ್ತು. ಹಸಿ ಹಸಿ ತುಟಿ.

ಶಬನಾ ಮಗಳನ್ನು ಸೊಂಟಕ್ಕೆ ಹಿಡಿದು ಎಳೆದಳು. ಕಿರುಚಿದಳು. ಮೇಷ್ಟ್ರು ಓಡಿ ಬಂದರು, ಹಿಂದೆ ಕಾವ್ಯ. ಕಾಗದ ನೋಡಿದರು. ಡಬ್ಬಿ ನೋಡಿದರು. ಕೂಸನ್ನು ಕಾವ್ಯಳ ತೋಳಿಗೆ ಕೊಟ್ಟರು.

"ಬಾಟ್ಲಿ ತಗಂಡು ಬರ್ರಿ ಎಲ್ರೂ. ಮನೆ ನೀರು. ಸುರೀರಿ."

ಕಾಗದದ ಮೇಲೆ ಸುರಿದರು. ಶಬನಾ ಸ್ಪಂಜು ಹಿಡಿದು ಒತ್ತಿದಳು, ಎತ್ತಿದಳು. ಬಲಗಣ್ಣು ಹೋಯಿತು. ಎಡಗಣ್ಣು ಹೋಯಿತು. ಕೆನ್ನೆ ತಿಳಿಯಾಯಿತು. ಕಾವ್ಯಳ ತೋಳಲ್ಲಿದ್ದ ಮಹೇಕ್ ಕಣ್ಣು ಪಿಳುಕಿಸಿ ತಾಯಿಯನ್ನು ನೋಡಿದಳು. ಕೆನ್ನೆಗೆ ಬಿಸಿ ಬಂತು.

ತುಟಿ ಉಳಿಯಿತು. ಶಬನಾ ತಿಕ್ಕಿದಳು. ಇನ್ನೂ ತಿಕ್ಕಿದಳು. ಕಾಗದ ನವೆದು ಎದ್ದಿತು, ಕೆಂಪು ಏಳಲಿಲ್ಲ. ಉಗುರಿನಿಂದ ಕೆರೆದಳು. ಕಾಗದ ತೂತಾಯಿತು. ಕೆಳಗಿನ ಹಲಗೆಯ ಮೇಲೂ ಅದೇ ತುಟಿ ಮೂಡಿತ್ತು.

"ಸಾಕು ಬಿಡಮ್ಮ," ಎಂದರು ಮೇಷ್ಟ್ರು. "ಅದು ಕಚ್ಕಂಡೈತೆ. ಕೂಸು ಉಳೀತು. ಹೋಗಾಣ ನಡಿ."

"ಮಹೇಕ್, ಅಮ್ಮಿ ಅನ್ನೇ. ಒಂದು ಸಲ ಅನ್ನೇ ಬಂಗಾರ."

ಮಹೇಕ್ ಪ್ರಯತ್ನಪಟ್ಟಳು. ಕತ್ತಿನ ನರ ಉಬ್ಬುವಷ್ಟು. ಉಸಿರು ಬಂತು, ಅಷ್ಟೇ.

ಆಗ ಹಿಂದಿನಿಂದ ಹೊಂಡ ಕರೆಯಿತು.

"ಅಮ್ಮೀ."

ಮಗಳದೇ ದನಿ. ಕೊನೆಯ ಅಕ್ಷರವನ್ನು ಎಳೆಯುವ ಅದೇ ರೀತಿ. ಶಬನಾಳ ಬಾಯಿ ತಾನಾಗಿಯೇ ತೆರೆಯಿತು.

"ಓ ಅನ್ನಬ್ಯಾಡ," ಎಂದು ಮೇಷ್ಟ್ರು ಅವಳ ತೋಳು ಹಿಡಿದರು. "ಅಂದ್ರೆ ಅದು ಎದ್ದು ಬರ್ತೈತೆ. ಇವಳು ಹೋಗ್ತಾಳೆ."

ಆಲದ ಕೆಳಗಿನ ಮಬ್ಬಿನಲ್ಲಿ ನೀರು ಮೆಟ್ಟಿಲಿಗೆ ಮೆಲ್ಲಗೆ ಬಡಿಯುತ್ತಿತ್ತು. ದನಿ ಮತ್ತೆ ಬಂತು. ಸಿಟ್ಟಿಲ್ಲ, ಅಳುವೂ ಇಲ್ಲ. ಬಹಳ ಹೊತ್ತು ಸುಮ್ಮನೆ ಕೂತು ಬೇಸರವಾದ ಕೂಸಿನ ದನಿ.

"ಅಮ್ಮೀ, ಈಗ ಮಾತಾಡಬೌದಾ?"

ಶಬನಾ ಕಾವ್ಯಳಿಂದ ಮಗಳನ್ನು ಎತ್ತಿಕೊಂಡು ಎದೆಗೊತ್ತಿಕೊಂಡಳು. ಮಹೇಕ್ ತನ್ನದೇ ದನಿಯನ್ನು ಕೇಳುತ್ತ ತಾಯಿಯ ಹೆಗಲ ಮೇಲಿಂದ ಹೊಂಡವನ್ನು ನೋಡಿದಳು, ತಾಯಿಯನ್ನು ನೋಡಿದಳು. ಆಮೇಲೆ ತನ್ನ ಪುಟ್ಟ ಅಂಗೈಯನ್ನು ತಾಯಿಯ ಬಾಯಿಯ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು. ಗೇಟು ದಾಟುವವರೆಗೂ ಆ ಕೈ ತೆಗೆಯಲಿಲ್ಲ.